ಆಲೆಮರದ ಮುಂದೆ ಹತ್ತು ಎಣಿಸಿ

ನನ್ನ ಮೇಜಿನ ಮೇಲೆ ಒಂದು ಮರದ ಬುಗುರಿ ಇದೆ. ಉತ್ತರ ಪತ್ರಿಕೆಗಳು ಫ್ಯಾನಿನ ಗಾಳಿಗೆ ಹಾರಿಹೋಗದಿರಲಿ ಎಂದು ಅದನ್ನು ಅವುಗಳ ಮೇಲೆ ಇಡುತ್ತೇನೆ. ನಾನು ರಾಮನಗರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ದಿನಾ ಬೆಳಿಗ್ಗೆ ಚನ್ನಪಟ್ಟಣದಲ್ಲಿ ಬಸ್ಸು ಹತ್ತಿ, ಕೆಂಗಲ್ ಆಂಜನೇಯನಿಗೆ ಕಿಟಕಿಯಿಂದಲೇ ಒಂದು ಕೈ ಮುಗಿದು (ಇನ್ನೊಂದು ಕೈಯಲ್ಲಿ ಕಂಬಿ ಹಿಡಿದಿರುತ್ತೇನೆ, ಅವನಿಗೆ ಗೊತ್ತು), ಹತ್ತು ಗಂಟೆಯೊಳಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತೇನೆ.

ಚನ್ನಪಟ್ಟಣದ ಬುಗುರಿ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಕೆಂಪು, ಹಳದಿ, ಹಸಿರು ಪಟ್ಟೆಗಳ ಮಿರಿಮಿರಿ ಮಿಂಚುವ ವಸ್ತು ಬಂದಿರಬೇಕು. ಇದು ಹಾಗಿಲ್ಲ. ಇದಕ್ಕೆ ಬಣ್ಣವೇ ಹಚ್ಚಿಲ್ಲ. ಬಿಳಿ ಮರದ ಮೈಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಶಾಯಿ ಇಳಿದ ಹಾಗೆ ನೀಲಿ ಕಲೆ ಹರಿದಿದೆ. ತಿರುಗಿಸಿದರೆ ನೆಟ್ಟಗೆ ನಿಲ್ಲುವುದಿಲ್ಲ, ಸ್ವಲ್ಪ ವಾಲಿಕೊಂಡೇ ಸುತ್ತುತ್ತದೆ. ನಮ್ಮ ಸ್ಟಾಫ್ ರೂಮಿನ ಗಣಿತದ ಮೇಷ್ಟ್ರು ಅದನ್ನು ತಿರುಗಿಸಿ ನೋಡಿ, "ಏನ್ ಮೇಡಂ, ಊರಲ್ಲೇ ಬೊಂಬೆ ಮಾಡ್ತಾರೆ, ನಿಮಗೆ ಸಿಕ್ಕಿದ್ದು ಡ್ಯಾಮೇಜ್ ಪೀಸಾ?" ಎಂದು ಕೇಳಿದ್ದರು. ನಾನು ನಕ್ಕೆ. ಆ ಡ್ಯಾಮೇಜು ಬೊಂಬೆ ಮಾಡಿದವರದ್ದಲ್ಲ, ನನ್ನದು ಎಂದು ಅವರಿಗೆ ಹೇಗೆ ಹೇಳಲಿ? ಅದಕ್ಕೆ ಇಡೀ ಕಥೆ ಹೇಳಬೇಕು. ಅವರಿಗೆ ಮುಂದಿನ ಪೀರಿಯಡ್ ಇತ್ತು. ನಿಮಗೆ ಬಿಡುವಿದ್ದ ಹಾಗಿದೆ, ಕೂತುಕೊಳ್ಳಿ.

ಚನ್ನಪಟ್ಟಣದಿಂದ ಕನಕಪುರದ ಕಡೆಗೆ ಹೋಗುವ ದಾರಿಯಲ್ಲಿ, ಒಂದಿಷ್ಟು ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಹೊಲ, ಹೊಲದಲ್ಲೇ ಮನೆ. ಹೊಲದ ಬದುವಿನ ಮೇಲೆ ಒಂದು ಆಲೆಮರ. ಜಡೆ ಬಿಟ್ಟ ಆಲದ ಮರ ನೆನೆಸಿಕೊಳ್ಳಬೇಡಿ. ಇದು ಕಾಡಿನ ಮರ, ಸಾಧಾರಣ ಎತ್ತರದ್ದು. ಗುಡ್ಡದ ಕುರುಚಲಿನಲ್ಲಿ ಇದರ ನೆಂಟರಿಷ್ಟರು ಬೇಕಾದಷ್ಟಿದ್ದಾರೆ. ನಮ್ಮದು ಮಾತ್ರ ಹೇಗೋ ಇಳಿದು ಬಂದು ಬದುವಿನ ಮೇಲೆ ನಿಂತುಬಿಟ್ಟಿದೆ. ಎಲ್ಲಿ ಗೀರಿದರೂ ಬಿಳಿ ಹಾಲು. ಬೇಸಿಗೆಯಲ್ಲಿ ಮೈತುಂಬಾ ಬಿಳಿ ಹೂವು. ಕಾಯಿಗಳು ಎರಡೆರಡಾಗಿ ಉದ್ದಕ್ಕೆ ಇಳಿಬಿದ್ದು, ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಚನ್ನಪಟ್ಟಣದ ಬೊಂಬೆಗಳೆಲ್ಲ ಹೆಚ್ಚಾಗಿ ಈ ಮರದವೇ. ಬೆಣ್ಣೆಯಂಥ ಮರ, ಉಳಿ ಇಟ್ಟರೆ ತಕರಾರು ಮಾಡುವುದಿಲ್ಲ.

ನಮ್ಮವ್ವನಿಗೆ ಅದರ ಎಲೆಯ ಮೇಲೆ ಅಪಾರ ನಂಬಿಕೆ. ಎಲೆ ಹರಿದು ಕೊಬ್ಬರಿ ಎಣ್ಣೆಗೆ ಹಾಕಿ ಬಿಸಿಲಿಗಿಟ್ಟರೆ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ತಲೆಹೊಟ್ಟಿಗೆ ಅದೇ ಮದ್ದು, ಮೈಕಡಿತಕ್ಕೆ ಅದೇ ಮದ್ದು. ನಾನು ಶಾಲೆಗೆ ಎರಡು ಜಡೆ ಹಾಕಿಕೊಂಡು ಹೊರಟರೆ ಕಿವಿಯ ಹಿಂದೆ ನೇರಳೆ ಕಾಲುವೆ ಇಳಿಯುತ್ತಿತ್ತು. ಹುಡುಗಿಯರು ನನ್ನ ಪಕ್ಕ ಕೂರಲು ಹಿಂದೆಮುಂದೆ ನೋಡುತ್ತಿದ್ದರು. ಆದರೆ ನನ್ನ ತಲೆಯಲ್ಲಿ ಇವತ್ತಿಗೂ ಹೊಟ್ಟಿಲ್ಲ ಎಂಬುದನ್ನು ಅವ್ವ ಬಂದವರಿಗೆಲ್ಲ ತೋರಿಸುತ್ತಾಳೆ, ನನಗೆ ಐವತ್ತು ದಾಟಿದರೂ.

ಮರದ ಕೆಳಗೆ ಗುಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಚಳಿಗಾಲದಲ್ಲಿ ಮರ ಎಲೆ ಉದುರಿಸಲು ಶುರು ಮಾಡಿದರೆ ನನಗೆ ಅಳುವೇ ಬರುತ್ತಿತ್ತು. ಗುಡಿಸಿ ಬೆನ್ನು ನೆಟ್ಟಗೆ ಮಾಡುವುದರೊಳಗೆ ಇನ್ನೊಂದು ಹಾಸು ಬಿದ್ದಿರುತ್ತಿತ್ತು. "ಈ ಮರಕ್ಕೆ ಒಂದೇ ಸಲ ಉದುರಿಸೋಕೆ ಏನ್ ಕಷ್ಟ?" ಎಂದು ಕೇಳಿದರೆ ಅವ್ವ, "ನಿಂಗೆ ಒಂದೇ ಸಲ ಬೆಳ್ದು ದೊಡ್ಡೋಳಾಗಕ್ಕೆ ಏನ್ ಕಷ್ಟವ್ವ?" ಎನ್ನುತ್ತಿದ್ದಳು. ಪೊರಕೆಯ ಮೇಲೆ ನನಗೆ ಹುಟ್ಟಿದ ದ್ವೇಷಕ್ಕೆ ಈ ಮರವೇ ಕಾರಣ.

ಆದರೂ ಎಲೆ ಪೂರ್ತಿ ಉದುರಿದ ಮೇಲೆ ಒಂದು ಹಬ್ಬವಿರುತ್ತಿತ್ತು. ಖಾದರ್ ಸಾಬರು ಬರುತ್ತಿದ್ದರು. ಚನ್ನಪಟ್ಟಣದಲ್ಲಿ ಅವರದು ಬೊಂಬೆ ಕಡೆಯುವ ಮನೆ. ಅವರಪ್ಪನ ಕಾಲದಿಂದಲೂ ನಮ್ಮ ಮರದ ಒಂದೊಂದು ಕೊಂಬೆ ವರ್ಷಕ್ಕೊಮ್ಮೆ ಅವರ ಮನೆಗೆ ಹೋಗುವ ಪದ್ಧತಿ. ಅದಕ್ಕೆ ಪ್ರತಿಯಾಗಿ, ಆ ಕೊಂಬೆಯಿಂದ ಮಾಡಿದ ಮೊದಲ ಬೊಂಬೆ ಮರ ಕೊಟ್ಟ ಮನೆಗೇ ವಾಪಸು ಬರಬೇಕು. ಗಿಲಕಿ, ಬುಗುರಿ, ಅಡುಗೆ ಆಟದ ಪಾತ್ರೆ, ಒಂದು ವರ್ಷ ತಲೆ ಅಲ್ಲಾಡಿಸುವ ಅಜ್ಜಿ. ನಮ್ಮ ಮನೆಯಲ್ಲಿ ಆಟದ ಸಾಮಾನು ಕೊಂಡದ್ದೇ ಇಲ್ಲ, ಮರವೇ ಕೊಡುತ್ತಿತ್ತು.

ಸಾಬರು ಬಂದವರು ತಕ್ಷಣ ಮಚ್ಚು ಎತ್ತುತ್ತಿರಲಿಲ್ಲ. ಮರದ ಸುತ್ತ ಒಂದು ಸುತ್ತು ಬಂದು, ಬೇಕಾದ ಕೊಂಬೆಯನ್ನು ಕಣ್ಣಲ್ಲೇ ಆರಿಸಿ, ಜೇಬಿನಿಂದ ಒಂದು ಮೊಳೆ ತೆಗೆದು ತೊಗಟೆಗೆ ಒತ್ತಿ ಹಿಂದಕ್ಕೆಳೆಯುತ್ತಿದ್ದರು. ಆಮೇಲೆ ನನ್ನ ಕಡೆ ನೋಡಿ, "ಎಣಿಸು ಮಗಾ" ಎನ್ನುತ್ತಿದ್ದರು. ಅವರ ಜೊತೆ ನಾನೂ ಎಣಿಸುತ್ತಿದ್ದೆ. ಏಕ್, ದೋ, ತೀನ್, ಚಾರ್... ನನಗೆ ಉರ್ದುವಿನಲ್ಲಿ ಹತ್ತರವರೆಗೆ ಬಂದದ್ದು ಹೀಗೆ. 'ದಸ್' ಎಂದು ನಾನು ಕಿರುಚಿದ ಮೇಲೆ ಅವರು ಮೊಳೆಯ ತೂತನ್ನು ಬಗ್ಗಿ ನೋಡಿ, "ಮಲಗೈತೆ" ಎಂದು ಮೆಲ್ಲಗೆ ಹೇಳಿ, ಮಚ್ಚು ತೆಗೆಯುತ್ತಿದ್ದರು. ಕಡಿದ ಗಾಯಕ್ಕೆ ಕೆಮ್ಮಣ್ಣು ಮೆತ್ತುತ್ತಿದ್ದರು. ಇದೆಲ್ಲ ನನ್ನನ್ನು ಆಡಿಸಲು ಅವರು ಮಾಡುತ್ತಿದ್ದ ತಮಾಷೆ ಎಂದೇ ನಾನು ಬಹಳ ವರ್ಷ ನಂಬಿದ್ದೆ. ಎಷ್ಟು ವರ್ಷ ಅಂದರೆ, ಮೂರು ವರ್ಷದ ಹಿಂದಿನವರೆಗೂ.

ನಡುವೆ ನಾನು ಓದಿದೆ. ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದೆ. ಎಲೆಗಳ ರೋಗದ ಮೇಲೆ ನನಗೆ ವಿಪರೀತ ಪ್ರೀತಿ ಹುಟ್ಟಿತು. ಹೇಳಿದರೆ ನಗಬೇಡಿ, ರೋಗ ಬಂದ ಎಲೆ ನೋಡಲು ಬಹಳ ಚೆಂದ. ಒಂದರ ಮೇಲೆ ಕರಿ ಬೊಟ್ಟು, ಒಂದರ ಮೇಲೆ ಬಿಳಿ ಬೂದಿ, ಒಂದರ ಅಂಚಿಗೆ ಕಂದು ಜರಿ. ಮಕ್ಕಳನ್ನು ಸಾವನದುರ್ಗಕ್ಕೆ ಕರೆದುಕೊಂಡು ಹೋದರೆ ಅವರೆಲ್ಲ ಬಂಡೆಯ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿರುತ್ತಾರೆ, ನಾನು ಬುಡದ ಪೊದೆಯಲ್ಲಿ ನುಗ್ಗಿ ಕೊಳೆತ ಎಲೆ ಆರಿಸುತ್ತಿರುತ್ತೇನೆ. "ನಮ್ಮ ಮೇಡಂಗೆ ಚೆನ್ನಾಗಿರೋ ಎಲೆ ಕಂಡ್ರೆ ಆಗಲ್ಲ" ಎಂದು ಒಬ್ಬಳು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಬೋರ್ಡಿನ ಮೇಲೆ ತುಕ್ಕು ರೋಗದ ಜೀವನಚಕ್ರವನ್ನು ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿದರೆ ನನಗೆ ನಾನೇ ಶಭಾಸ್ ಅಂದುಕೊಳ್ಳುತ್ತಿದ್ದೆ. ಇಷ್ಟು ಜಂಬ ಇದ್ದ ಕಡೆ ಏನೋ ಒಂದು ಎಡವಟ್ಟು ಆಗಲೇಬೇಕಲ್ಲ.

ಮೂರು ವರ್ಷದ ಹಿಂದೆ ಮಳೆ ಹಿಡಿದುಕೊಂಡಿತ್ತು. ಮುಂಗಾರು ಹೋಗುವ ಮನಸ್ಸೇ ಮಾಡಲಿಲ್ಲ. ದಸರಾ ರಜೆಗೆ ಊರಿಗೆ ಹೋದೆ. ನೋಡಿದರೆ ಬದುವಿನ ಮೇಲೆ ಆಲೆಮರ ಬೋಳಾಗಿ ನಿಂತಿದೆ! ಗುಡ್ಡವೆಲ್ಲ ಹಸಿರು, ನಮ್ಮ ಮರಕ್ಕೆ ಮಾತ್ರ ಒಂದೆಲೆ ಇಲ್ಲ. ಅದು ಎಲೆ ಉದುರಿಸುವುದು ಸಂಕ್ರಾಂತಿಯ ಹೊತ್ತಿಗೆ. ಮೂರು ತಿಂಗಳು ಮುಂಚೆಯೇ ಉದುರಿಸಿಬಿಟ್ಟಿದೆ.

ಆ ಹೊತ್ತಿಗೆ ಖಾದರ್ ಸಾಬರಿಗೆ ಕಣ್ಣಿನ ಪೊರೆ ತೆಗೆಸಿ ಹತ್ತು ದಿನವಾಗಿತ್ತು. ಫೋನಿನಲ್ಲಿ ಮಾತಾಡಿದ್ದೆ. "ಕೂತು ಕೂತು ಕೈ ಜಡ್ಡುಗಟ್ಟೋಯ್ತವ್ವ" ಎಂದಿದ್ದರು. ಅವರಿಗೆ ಉಪಕಾರ ಮಾಡುವ ಹುಮ್ಮಸ್ಸು ನನಗೆ ಬಂತು. ಹೇಗಿದ್ದರೂ ಎಲೆ ಉದುರಿದೆ, ಕೊಂಬೆ ಕಡಿಸಿ ನಾನೇ ಮುಟ್ಟಿಸಿದರೆ ಪಾಪ ಮುದುಕರು ಇಷ್ಟು ದೂರ ಬರುವುದು ತಪ್ಪುತ್ತದೆ. ತಮ್ಮ ರಾಜುವನ್ನು ಕರೆದೆ. ಹೊಲ ಮನೆ ನೋಡಿಕೊಳ್ಳುವವನು ಅವನೇ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಾನೆ.

ಅವನು ಮರ ಹತ್ತಿ ಒಳ್ಳೆಯ ಕೊಂಬೆಯನ್ನೇ ಕಡಿದ. ಕಡಿದವನು ಮೇಲಿನಿಂದ ಕೂಗಿದ:

"ಅಕ್ಕ, ಹಾಲು ಸುರೀತಾ ಐತೆ ಕಣಕ್ಕ! ಅಂಗಿಯೆಲ್ಲ ಅಂಟಾಯ್ತು. ಸಾಬ್ರು ಕಡ್ದಾಗ ಇಂಗೆ ಸುರೀತಿರ್ನಿಲ್ಲ."

"ಮಳೆ ಜಾಸ್ತಿ ಆಗಿದೆಯಲ್ಲೋ, ಬೇರಿನ ಒತ್ತಡ" ಎಂದೆ ನಾನು ಕೆಳಗಿನಿಂದ.

ಎಷ್ಟು ಸಲೀಸಾಗಿ ಹೇಳಿಬಿಟ್ಟೆ ನೋಡಿ. ಮರ ಕೂಗಿ ಹೇಳಿದ್ದನ್ನು ಓದು ಬಾರದ ತಮ್ಮ ಕೇಳಿಸಿಕೊಂಡ, ಓದಿದ ಅಕ್ಕ ಅದರ ಬಾಯಿ ಮುಚ್ಚಿಸಿದಳು. ಆಮೇಲೆ ಕೆಳಗೆ ಬಿದ್ದ ಎಲೆ ಎತ್ತಿ ನೋಡಿದೆ. ಮೇಲೆ ಹಳದಿ ಚುಕ್ಕೆ, ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ. ಬೆರಳಿಗೆ ಅರಿಸಿನದ ಹಾಗೆ ಹತ್ತಿತು. ತುಕ್ಕು ರೋಗ! ನನ್ನ ಬೋರ್ಡಿನ ಮೇಲಿನ ಚಿತ್ರ ನನ್ನ ಹೊಲಕ್ಕೇ ಬಂದಿತ್ತು. ಸಂಭ್ರಮ ತಡೆಯಲಾರದೆ ಇಪ್ಪತ್ತು ಎಲೆ ಪುಸ್ತಕದಲ್ಲಿ ಒತ್ತಿಟ್ಟುಕೊಂಡೆ.

"ಏನಕ್ಕ ಇದು?" ಎಂದ ರಾಜು, ಕೆಳಗಿಳಿದು.

"ತುಕ್ಕು ರೋಗ ಕಣೋ. ಒಂದು ಥರ ಬೂಷ್ಟು. ಅದಕ್ಕೇ ಎಲೆ ಬೇಗ ಉದುರಿದೆ."

ಅವನ ಮುಖ ಬಿಳಿಚಿಕೊಂಡಿತು. ಅದಕ್ಕೆ ಕಾರಣ ಇತ್ತು. ಮರಳವಾಡಿಯ ಅವನ ಮಾವನ ಮನೆಯ ಹಿಪ್ಪುನೇರಳೆ ತೋಟಕ್ಕೆ ಒಮ್ಮೆ ತುಕ್ಕು ಬಿದ್ದು, ಸೊಪ್ಪೆಲ್ಲ ಉದುರಿ, ಹಸಿವಿನಿಂದ ಸತ್ತ ಹುಳವನ್ನು ತಿಪ್ಪೆಗೆ ಸುರಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ನಮ್ಮ ಆಲೆಮರದಿಂದ ಅವನ ಹಿಪ್ಪುನೇರಳೆ ಸಾಲು ಹತ್ತು ಹೆಜ್ಜೆ.

"ನಮ್ ಸೊಪ್ಪಿಗೂ ಬತ್ತದಾ?"

ಬರುವುದಿಲ್ಲ ಎನ್ನಬೇಕಿತ್ತು. ಒಂದೊಂದು ತುಕ್ಕಿಗೂ ಅದರದೇ ಮರ, ಅದರದೇ ಗಿಡ. ಆಲೆಯ ತುಕ್ಕಿಗೂ ಹಿಪ್ಪುನೇರಳೆಯ ತುಕ್ಕಿಗೂ ಸಂಬಂಧವಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ಆದರೆ ಉಪನ್ಯಾಸಕರಿಗೆ ಒಂದು ಚಟ. ಖಚಿತವಾಗಿ ಮಾತಾಡಿದರೆ ಎಲ್ಲಿ ಯಾರು ಹಿಡಿದುಹಾಕುತ್ತಾರೋ ಎಂದು ಬಾಲ ಸೇರಿಸುತ್ತೇವೆ. "ಸಾಮಾನ್ಯವಾಗಿ ಬರೋದಿಲ್ಲ, ಆದರೂ ಪರೀಕ್ಷೆ ಮಾಡದೆ ಹೇಳೋಕಾಗಲ್ಲ" ಎಂದೆ. ರಾಜುವಿಗೆ ಕೇಳಿಸಿದ್ದು 'ಆದರೂ' ಒಂದೇ. ಸಂಜೆಯೊಳಗೆ ಅವನು ಕನಕಪುರದ ಗರಗಸದವನಿಗೆ ಫೋನ್ ಮಾಡಿ, ನಾಡಿದ್ದು ಬಂದು ಮರ ಬುಡಸಮೇತ ಉರುಳಿಸಲು ಹೇಳಿ ಆಗಿತ್ತು.

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ನಿಂಗೇನಕ್ಕ, ನೀನು ಬಸ್ ಹತ್ಕಂಡು ಓಯ್ತೀಯ. ಹುಳಕ್ಕೆ ಸೊಪ್ಪು ಹಾಕೋನು ನಾನು. ನೀನೇ ಹೇಳಕ್ಕಾಗಲ್ಲ ಅಂದ್ಬುಟ್ಟೆ" ಎಂದ. ಅವ್ವ ಜಗಲಿಯ ಮೇಲೆ ಕೂತು ಮರವನ್ನೇ ನೋಡುತ್ತಿದ್ದಳು. ರೋಗದ ಎಲೆಗಳನ್ನು ಒತ್ತಿಟ್ಟುಕೊಳ್ಳುವ ಈ ನನ್ನ ಕೈಯಿಂದ ಒಂದು ಮರ ಹೋಗುತ್ತಿದೆ ಎಂದು ಅಳು ಬಂತು.

ಮಾರನೆಯ ದಿನ ಕೊಂಬೆಯನ್ನು ಆಟೋದಲ್ಲಿ ಹಾಕಿಕೊಂಡು ಖಾದರ್ ಸಾಬರ ಮನೆಗೆ ಹೋದೆ. ಅವರು ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದರು. ಒಳಗೆ ಅರಗಿನ ವಾಸನೆ, ಬೊಂಬೆಗೆ ಹೊಳಪು ಕೊಡುವ ತಾಳೆಗರಿಯ ಕಂತೆ, ಮೂಲೆಯಲ್ಲಿ ಮರದ ಪುಡಿಯ ಗುಡ್ಡೆ, ಎಲ್ಲ ಇದ್ದ ಹಾಗೇ ಇತ್ತು. ಕೊಂಬೆಯನ್ನು ಅವರ ತೊಡೆಯ ಮೇಲೆ ಇಟ್ಟೆ. ಕಣ್ಣಲ್ಲಿ ನೋಡಲಿಲ್ಲ. ಕಡಿದ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದರು, ಮೂಗಿನ ಹತ್ತಿರ ತಂದರು.

"ಯಾರವ್ವ ಕಡಿಯಕ್ಕೆ ಹೇಳಿದ್ದು?"

"ನಾನೇ. ಎಲೆ ಎಲ್ಲ ಉದುರಿತ್ತಲ್ಲ ಸಾಬ್ರೇ."

"ಎಣಿಸಿದ್ಯಾ?"

ನನಗೆ ತಟ್ಟನೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಏಕ್, ದೋ, ತೀನ್ ಎಂಬ ಆ ಎಣಿಕೆ ನನಗಲ್ಲ, ಮರಕ್ಕೆ! ಹತ್ತು ಎಣಿಸುವವರೆಗೂ ಹಾಲು ಒಸರದಿದ್ದರೆ ಮರ ನಿದ್ದೆಗೆ ಹೋಗಿದೆ, ಹಾಲು ಬೇರಿಗೆ ಇಳಿದಿದೆ, ಒಂದು ಕೊಂಬೆ ತೆಗೆದರೆ ನೋವಾಗುವುದಿಲ್ಲ ಎಂದು ಲೆಕ್ಕ. ಅದಕ್ಕೆ ಮೊದಲೇ ಹಾಲು ಬಂದರೆ ಮರ ಎಚ್ಚರವಿದೆ, ಮುಟ್ಟಬಾರದು. ನಲವತ್ತು ವರ್ಷ ನಾನು ಎಣಿಕೆ ನೆನಪಿಟ್ಟುಕೊಂಡು, ಎಣಿಸಿದ್ದು ಯಾತಕ್ಕೆ ಎಂದು ಒಂದು ಸಲವೂ ಕೇಳಿರಲಿಲ್ಲ.

"ನಿದ್ದೆ ಮಾಡೋನೂ ಮಲ್ಗಿರ್ತಾನೆ, ಕಾಯ್ಲೆ ಬಿದ್ದೋನೂ ಮಲ್ಗಿರ್ತಾನೆ" ಎಂದರು ಸಾಬರು, ಬೈಯುವ ದನಿಯಲ್ಲಲ್ಲ. "ದೂರದಿಂದ ನೋಡಿದ್ರೆ ಎರಡೂ ಒಂದೇ ಕಣವ್ವ. ಹತ್ರ ಹೋಗಿ ಮುಟ್ಟಿ ನೋಡ್ಬೇಕು. ಈ ಮರ ನೀಲಿ ಆಯ್ತದೆ. ಹಾಲು ತುಂಬಿರೋ ಮರ ಬೊಂಬೆಗೆ ಬರಾಕಿಲ್ಲ."

ನಾನು ಗರಗಸದವನ ವಿಷಯ ಹೇಳಿದೆ. ಅವರು ಎದ್ದು ನಿಂತರು. "ಆಟೋ ಇನ್ನೂ ಐತಾ?" ಎಂದರು. ಒಳಗಿನಿಂದ ಅವರ ಹೆಂಡತಿ ನೂರ್‌ಬೀ, "ಡಾಕ್ಟ್ರು ಧೂಳಿಗೆ ಹೋಗ್ಬೇಡ ಅಂದವ್ರೆ, ಕಣ್ಣು ಹೋದ್ರೆ ನಾನೇನ್ ಮಾಡ್ಲಿ!" ಎಂದು ಕೂಗಿಕೊಂಡರು. ಸಾಬರು ಚಪ್ಪಲಿ ಹುಡುಕುತ್ತಾ, "ಕಣ್ಣಲ್ಲಿ ಏನೂ ನೋಡಲ್ಲ ಕಣೇ, ಕೈಯಲ್ಲಿ ನೋಡಿ ಬತ್ತೀನಿ" ಎಂದರು. ನನಗೆ ಆ ಕ್ಷಣ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಯಾರದೋ ಹೊಲದ ಬದುವಿನ ಒಂದು ಮರಕ್ಕೋಸ್ಕರ, ಆಗಷ್ಟೇ ಪೊರೆ ತೆಗೆಸಿದ ಕಣ್ಣನ್ನು ಧೂಳಿಗೆ ಒಡ್ಡಿಕೊಂಡು ಹೊರಟ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಹೊಲದಲ್ಲಿ ಅವರು ಸೀದಾ ಮರದ ಬುಡಕ್ಕೆ ಹೋದರು. ಜೇಬಿನಿಂದ ಮೊಳೆ ತೆಗೆದರು. ಅದೇ ಮೊಳೆಯೋ ಬೇರೆಯೋ, ನಾನು ಕೇಳಲಿಲ್ಲ. ತೊಗಟೆಗೆ ಒತ್ತಿ ತೆಗೆದು, "ಎಣಿಸು ಮಗಾ" ಎಂದರು. ಐವತ್ತರ ಹೆಂಗಸು ನಾನು, ತಮ್ಮನ ಎದುರಿಗೆ, ಏಕ್, ದೋ ಎಂದೆ. ತೀನ್ ಅನ್ನುವುದರೊಳಗೆ ಬಿಳಿ ಹನಿ ಉಬ್ಬಿ ಅವರ ಬೆರಳ ಮೇಲೆ ಬಿತ್ತು.

"ನೋಡಪ್ಪ ರಾಜು" ಎಂದರು, ಬೆರಳು ತೋರಿಸಿ. "ಮೈತುಂಬ ಹಾಲೈತೆ. ಸತ್ತಿಲ್ಲ ಇದು."

"ಸತ್ತೈತೆ ಅಂತ ನಾನೆಲ್ಲಿ ಅಂದೆ ಸಾಬ್ರೇ? ರೋಗ ಐತಲ್ಲ. ಬೋಳಾಗಿ ನಿಂತೈತೆ. ಇನ್ನೇನ್ ಬದ್ಕತದೆ ಇದು?"

ಸಾಬರು ಬದುವಿನ ಮೇಲೆ ಕೂತರು. "ನಿನ್ ಹುಳ ಜ್ವರಕ್ಕೆ ಕೂತ್ಕತಾವಲ್ಲ, ಆವಾಗ ಏನ್ ಮಾಡ್ತೀಯ?"

ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಸತ್ತ ಹಾಗೆ ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಮನೆಯವರು ಹುಳದ ಮನೆಯಲ್ಲಿ ಜೋರಾಗಿ ಮಾತನ್ನೂ ಆಡುವುದಿಲ್ಲ.

"ಏನ್ ಮಾಡ್ತೀವಿ? ಮುಟ್ಟಾಕಿಲ್ಲ. ಸುಮ್ಕೆ ಬುಟ್ಬುಡ್ತೀವಿ" ಎಂದ ರಾಜು.

"ತಿಂತಾ ಇಲ್ಲ, ಅಲ್ಲಾಡ್ತಾ ಇಲ್ಲ ಅಂತ ತಿಪ್ಪೆಗೆ ಎಸ್ಯಾಕಿಲ್ಲ ತಾನೆ?"

ರಾಜು ಕಾಲಬೆರಳಲ್ಲಿ ಮಣ್ಣು ಕೆದಕಿದ. ನಾನು ನಾಲ್ಕು ಬಣ್ಣದ ಸೀಮೆಸುಣ್ಣ ಹಿಡಿದು ಒಂದು ಗಂಟೆ ಹೇಳಿದ್ದರೂ ಹೊಗದ ಮಾತು ಅವನ ತಲೆಗೆ ಹೊಕ್ಕಿತ್ತು. ಕೊನೆಗೆ ಅವನು ಒಪ್ಪಿದ್ದು ಇಷ್ಟಕ್ಕೆ: ಉಗಾದಿಯವರೆಗೆ ಮರ ಮುಟ್ಟುವುದಿಲ್ಲ. ಉಗಾದಿಗೂ ಚಿಗುರದಿದ್ದರೆ ಮಾರನೆಯ ದಿನ ಗರಗಸ. ಈಗಲಾದರೂ ಬಾಲವಿಲ್ಲದೆ ಮಾತಾಡೋಣ ಎಂದು ನಾನು, "ಹಿಪ್ಪುನೇರಳೆಗೆ ಇದು ಬರೋದಿಲ್ಲ. ಬರಲ್ಲ ಅಂದ್ರೆ ಬರಲ್ಲ" ಎಂದೆ. "ಇದ್ನ ನೆನ್ನೇನೇ ಹೇಳಕ್ಕೇನಾಗಿತ್ತಕ್ಕ?" ಎಂದ ಅವನು.

ಹೋಗುವಾಗ ಸಾಬರು ನನ್ನನ್ನು ಕರೆದು, "ಈ ಎಲೆ ಬುಡದಲ್ಲಿ ಬಿಡ್ಬೇಡ. ಒಂದೂ ಬಿಡದಂಗೆ ಗುಡ್ಸಿ ದೂರ ಹೂತ್ಬುಡು. ಕಾಯ್ಲೆಯೋರ ಹಾಸ್ಗೆ ಬದಲಾಯ್ಸಬೇಕು" ಎಂದರು. ಬಿದ್ದ ಎಲೆಯಲ್ಲಿ ರೋಗದ ಬೀಜ ಉಳಿಯುತ್ತದೆ ಎಂದು ನಾನು ಪ್ರತಿ ವರ್ಷ ನೋಟ್ಸ್ ಬರೆಸುತ್ತೇನೆ. ಪೊರಕೆ ಹಿಡಿಯಬೇಕು ಎಂದು ನೋಟ್ಸಿನಲ್ಲಿ ಇರಲಿಲ್ಲ.

ಆ ಚಳಿಗಾಲ ಪೂರ್ತಿ ನಾನು ಭಾನುವಾರಗಳನ್ನು ಮರದ ಬುಡದಲ್ಲಿ ಕಳೆದೆ. ಗುಡಿಸಿದೆ, ಗುಂಡಿ ತೋಡಿಸಿದೆ, ಹೂತೆ. ಪೊದೆಯೊಳಗೆ ಸಿಕ್ಕಿಕೊಂಡ ಎಲೆಗಳನ್ನು ಮೊಣಕಾಲೂರಿ ಒಂದೊಂದಾಗಿ ಆರಿಸಿದೆ. ಅವ್ವ ಜಗಲಿಯಿಂದ, "ಚಿಕ್ಕೋಳಿದ್ದಾಗ ಇಷ್ಟು ನೀಟಾಗಿ ಗುಡ್ಸಿದ್ರೆ ನಿನ್ನ ಬೈಯೋ ಕೆಲ್ಸ ತಪ್ತಿತ್ತು" ಎನ್ನುತ್ತಿದ್ದಳು. ಪುಸ್ತಕದಲ್ಲಿ ಒತ್ತಿಟ್ಟ ಇಪ್ಪತ್ತು ಎಲೆಗಳನ್ನೂ ತಂದು ಅದೇ ಗುಂಡಿಗೆ ಹಾಕಿದೆ. ನನ್ನ ಸಂಗ್ರಹದಿಂದ ನಾನೇ ಕೈಯಾರೆ ತೆಗೆದದ್ದು ಅವೇ ಮೊದಲು.

ಸಂಕ್ರಾಂತಿಯ ಹೊತ್ತಿಗೆ ಗುಡ್ಡದ ಮರಗಳೆಲ್ಲ ಬೋಳಾದವು. ಆಗ ಸ್ವಲ್ಪ ಸಮಾಧಾನ, ನಮ್ಮದೂ ನಾಲ್ಕರಲ್ಲಿ ಒಂದು ಎಂಬಂತೆ ಇತ್ತು. ಶಿವರಾತ್ರಿ ಕಳೆದು ಬಿಸಿಲು ಏರಿತು. ಗುಡ್ಡದ ಆಲೆಗಳ ತುದಿಯಲ್ಲಿ ಹಸಿರು ಮೂತಿ ಕಂಡಿತು. ನಮ್ಮದರಲ್ಲಿ ಏನೂ ಇಲ್ಲ. ಎಲೆ ಇಲ್ಲದೆ ಮೂರು ತಿಂಗಳು ಹೆಚ್ಚಿಗೆ ಉಪವಾಸ ಬಿದ್ದ ಮರ, ಶಕ್ತಿ ಎಲ್ಲಿಂದ ಬರಬೇಕು? ನನಗೆ ಪಾಠ ಮಾಡಲು ಮನಸ್ಸೇ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಕೆಂಗಲ್ ಬಂದಾಗ ಕಂಬಿ ಬಿಟ್ಟು ಎರಡೂ ಕೈ ಮುಗಿಯಲು ಶುರು ಮಾಡಿದೆ. ಒಮ್ಮೆ ಬ್ರೇಕ್ ಹಾಕಿದಾಗ ಕಂಡಕ್ಟರ್ ಮೇಲೆ ಬಿದ್ದೆ.

ಉಗಾದಿಯ ದಿನ ಬೆಳಿಗ್ಗೆ ಊರಲ್ಲಿದ್ದೆ. ಮೊದಲು ಮರಕ್ಕೇ ಹೋಗಿ ನೋಡಿದೆ. ಬೋಳು. ಬೇವಿನ ಸೊಪ್ಪು ಕಿತ್ತುಕೊಂಡು ಮನೆಗೆ ಬಂದು ಸುಮ್ಮನೆ ಒಲೆಯ ಮುಂದೆ ಕೂತೆ. ರಾಜು ಮನೆಯಲ್ಲಿರಲಿಲ್ಲ. ಗರಗಸದವನಿಗೆ ಹೇಳಲು ಹೋಗಿರಬೇಕು ಅಂದುಕೊಂಡೆ. ಅವ್ವ ಹೋಳಿಗೆಯ ಹೂರಣ ಕಟ್ಟುತ್ತಿದ್ದಳು.

ಅಷ್ಟರಲ್ಲಿ ರಾಜು ಬಂದ. ಹೊಸ ಪಂಚೆ, ತಲೆಗೆ ಎಣ್ಣೆ, ಕೈಯಲ್ಲಿ ಒಂದು ಮೊಳೆ. ಇನ್ನೊಂದು ಕೈಯ ತೋರುಬೆರಳನ್ನು ನೆಟ್ಟಗೆ ಎತ್ತಿ ಹಿಡಿದಿದ್ದ.

"ಅಕ್ಕ, ಹತ್ತು ಎಣಿಸ್ದೆ, ಬರ್ನಿಲ್ಲ. ಎದೆ ದಸಕ್ಕಂತು. ಸಾಬ್ರ ಲೆಕ್ಕದಾಗೆ ಹತ್ತರ ಮೇಲೆ ನಂಗೆ ಬರಾಕಿಲ್ಲ. ಮತ್ತೆ ಏಕ್‌ನಿಂದ ಶುರು ಮಾಡ್ದೆ. ಎರಡ್ನೇ ಸಲದ ಪಾಂಚ್‌ಗೆ ಬಂತು ಕಣಕ್ಕ!"

ಬೆರಳ ತುದಿಯಲ್ಲಿ ಸಾಸಿವೆಯಷ್ಟು ಹಾಲು ಒಣಗಿ ಅಂಟಿತ್ತು.

"ಕನ್ನಡದಲ್ಲಿ ಎಣಿಸಿದ್ರೆ ಆಗ್ತಿರಲಿಲ್ವೇನ್ಲಾ?" ಎಂದೆ, ಕಣ್ಣೊರೆಸಿಕೊಳ್ಳುತ್ತಾ.

"ಮರಕ್ಕೆ ಅಭ್ಯಾಸ ಇರೋದು ಅದೇ ತಾನೆ?" ಎಂದ. "ಜ್ವರದಿಂದ ಏಳ್ತಾ ಐತೆ. ಇನ್ನೊಸಿ ದಿನ ಬುಡಾಣ."

ಗರಗಸದವನ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಒಂಬತ್ತನೆಯ ದಿನಕ್ಕೆ ಮರ ಚಿಗುರಿತು. ಗುಡ್ಡದ ಮರಗಳು ಹೂ ಮುಗಿಸಿ ಕಾಯಿ ಹಿಡಿಯುವ ಹೊತ್ತಿಗೆ ನಮ್ಮದು ತಡವಾಗಿ, ಕೊಂಬೆಗೊಂದು ಗೊಂಚಲಿನಂತೆ, ಹೂ ಬಿಟ್ಟಿತು. ಆ ನಾಲ್ಕು ಗೊಂಚಲಿನ ಹೂವಿನಷ್ಟು ಚೆಂದ ನನಗೆ ಯಾವ ಹೂವೂ ಕಂಡಿಲ್ಲ.

ಖಾದರ್ ಸಾಬರು ಬಂದರು. ಕನ್ನಡಕವಿಲ್ಲ, ಕಣ್ಣು ಚೆನ್ನಾಗಿ ವಾಸಿಯಾಗಿತ್ತು. ಮರದ ಕೆಳಗೆ ನಿಂತು ಬಹಳ ಹೊತ್ತು ತಲೆಯೆತ್ತಿ ನೋಡಿದರು. "ಬರೋ ಸಂಕ್ರಾಂತಿಗೆ ನಿಮಗೆ ಬೇಕಾದ ಕೊಂಬೆ ಆರಿಸ್ಕಳಿ ಸಾಬ್ರೇ" ಎಂದ ರಾಜು. ಅವರು ಅಡ್ಡಡ್ಡ ತಲೆಯಾಡಿಸಿದರು. "ಎರಡು ಮೂರು ವರ್ಸ ಬ್ಯಾಡಪ್ಪ. ಕಾಯ್ಲೆಯಿಂದ ಎದ್ದೋರ ಹತ್ರ ಯಾರಾದ್ರೂ ಕೆಲ್ಸ ಮಾಡಿಸ್ತಾರಾ?"

ಆಮೇಲೆ ಜೇಬಿಗೆ ಕೈ ಹಾಕಿ ನನ್ನ ಅಂಗೈಯಲ್ಲಿ ಈ ಬುಗುರಿ ಇಟ್ಟರು. ನಾನು ಕಡಿಸಿದ ಆ ಕೊಂಬೆ ನೀಲಿಗಟ್ಟಿ, ಬಿರಿದು, ಪೂರ್ತಿ ಹಾಳಾಗಿತ್ತಂತೆ. ಹುಡುಕಿ ಹುಡುಕಿ ಒಳಗಿನ ಒಂದು ತುಂಡಿನಲ್ಲಿ ಇದೊಂದನ್ನು ಕಡೆದಿದ್ದರು. "ಮೊದಲ್ನೇ ಬೊಂಬೆ ಮರದ ಮನೆಗೆ ಬರ್ಬೇಕಲ್ಲ" ಎಂದರು. ಅರಗಿನ ಬಣ್ಣ ಹಚ್ಚಿದ್ದರೆ ಕಲೆ ಕಾಣುತ್ತಿರಲಿಲ್ಲ. ಯಾಕೆ ಹಚ್ಚಲಿಲ್ಲ ಎಂದು ಕೇಳಿದೆ. "ಮುಚ್ಚಿದ್ರೆ ನೀನು ಮರೀತೀಯ ಕಣವ್ವ" ಎಂದು ನಕ್ಕುಬಿಟ್ಟರು. ಅಷ್ಟು ನಯವಾಗಿ ನನಗೆ ಯಾರೂ ಬೈದಿಲ್ಲ.

ಈ ವರ್ಷ ಮತ್ತೆ ಮಳೆ ಹೆಚ್ಚು. ಹೋದ ವಾರ ರಾಜು ಫೋನ್ ಮಾಡಿದ. "ಅಕ್ಕ, ಮರ ಮತ್ತೆ ಎಲೆ ಉದುರಿಸ್ತಾ ಐತೆ. ಅರ್ಧ ಬೋಳಾಯ್ತು. ಬಾ." ರಜೆ ಹಾಕಿ ಓಡಿದೆ. ಸಾಬರಿಗೆ ಈಗ ಮಂಡಿ ನೋವು, ಅಷ್ಟು ದೂರ ಬರಲಾರರು. ಫೋನ್ ಹಚ್ಚಿ ಸ್ಪೀಕರ್ ಹಾಕಿ ಬದುವಿನ ಕಲ್ಲಿನ ಮೇಲಿಟ್ಟೆ. ರಾಜು ಮೊಳೆಯನ್ನು ಪಂಚೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟ. "ನೀನೇ ಹಾಕಕ್ಕ" ಎಂದ. ಅವ್ವ ಜಗಲಿಯಿಂದ ಎದ್ದು ಬಂದು ನಮ್ಮ ಹಿಂದೆ ನಿಂತಳು. ತೊಗಟೆಗೆ ಒತ್ತಿ ತೆಗೆದೆ.

ಫೋನಿನೊಳಗಿಂದ ಸಾಬರ ದನಿ ಬಂತು. "ಏಕ್."

ಮೂವರೂ ಬಗ್ಗಿ ನೋಡುತ್ತಿದ್ದೆವು.

"ದೋ."

"ಬಂತು ಸಾಬ್ರೇ" ಎಂದೆ. ಹನಿ ನನ್ನ ಉಗುರಿನ ಮೇಲೆ ಬಿದ್ದಿತ್ತು.

ಸಾಬರು ಹೇಳಿದರು, "ಹಂಗಾದ್ರೆ ಇನ್ನೂ ಏನ್ ನೋಡ್ತಾ ನಿಂತಿದ್ದೀಯ ಮಗಾ? ಪೊರಕೆ ತಗೋ."